ಇಳಿಯಲು ಬೇಕಾದ ಇಂಧನ

2023ರ ಮಾರ್ಚ್ 7ರ ಸಂಜೆ 4 ಗಂಟೆ 32 ನಿಮಿಷಕ್ಕೆ ಮೇಘಾ-ಟ್ರಾಪಿಕ್ಸ್-1 ಎಂಬ ಹಳೆಯ ಉಪಗ್ರಹದ ನಾಲ್ಕು ಪುಟ್ಟ ರಾಕೆಟ್ ಎಂಜಿನುಗಳು, ಅಂದರೆ ಥ್ರಸ್ಟರ್‌ಗಳು ಹೊತ್ತಿಕೊಂಡವು. ಸುಮಾರು ಇಪ್ಪತ್ತು ನಿಮಿಷ ಉರಿದು ನಿಂತವು. 6 ಗಂಟೆ 21 ನಿಮಿಷಕ್ಕೆ ಮತ್ತೆ ಹೊತ್ತಿಕೊಂಡು ಮತ್ತೊಂದು ಇಪ್ಪತ್ತು ನಿಮಿಷ ಉರಿದವು. ಸ್ವಲ್ಪ ಹೊತ್ತಿಗೆ ಉಪಗ್ರಹ ವಾತಾವರಣಕ್ಕೆ ಬಿದ್ದು ಪುಡಿಯಾಯಿತು. ಬಿದ್ದದ್ದು ಎಲ್ಲೆಂದರಲ್ಲಿ ಅಲ್ಲ. ಪೆಸಿಫಿಕ್ ಸಾಗರದಲ್ಲಿ ದಕ್ಷಿಣ ಅಕ್ಷಾಂಶ 5ರಿಂದ 14 ಡಿಗ್ರಿ, ಪಶ್ಚಿಮ ರೇಖಾಂಶ 119ರಿಂದ 100 ಡಿಗ್ರಿ ನಡುವೆ ಮೊದಲೇ ಗುರುತು ಮಾಡಿಟ್ಟಿದ್ದ ನಿರ್ಜನ ನೀರಿನ ಮೇಲೆ. ಈ ಕೆಲಸವನ್ನು ನಡೆಸಿದ್ದು ಉಪಗ್ರಹಗಳ ಜಾಡು ಹಿಡಿದು ಆಜ್ಞೆ ಕಳಿಸುವ, ಇಸ್ರೊದ ಬೆಂಗಳೂರಿನ ಇಸ್ಟ್ರಾಕ್ ಕೇಂದ್ರ.

ಅದಾಗಿ ಹತ್ತೊಂಬತ್ತು ದಿನಕ್ಕೆ, ಮಾರ್ಚ್ 26ರ ಬೆಳಿಗ್ಗೆ, ಶ್ರೀಹರಿಕೋಟಾದಿಂದ ಎಲ್‌ವಿಎಂ-3 ರಾಕೆಟ್ ಇಂಟರ್ನೆಟ್ ಸೇವೆ ಕೊಡುವ ಒನ್‌ವೆಬ್ ಕಂಪನಿಯ 36 ಉಪಗ್ರಹಗಳನ್ನು ಹೊತ್ತು ಏರಿತು. ಹಿಂದಿನ ಅಕ್ಟೋಬರಿನಲ್ಲಿ ಹೋಗಿದ್ದ 36 ಸೇರಿಸಿದರೆ ಒಟ್ಟು 72. ಅವು ನೆಲೆ ನಿಂತು ಕೆಲಸ ಮಾಡುವ ಎತ್ತರ ಸುಮಾರು 1,200 ಕಿ.ಮೀ. ಈ ಉಡಾವಣೆಗೆ ಬಿದ್ದ ಚಪ್ಪಾಳೆಯಲ್ಲಿ ಕಾಲು ಪಾಲೂ ಮಾರ್ಚ್ 7ರ ಕೆಲಸಕ್ಕೆ ಬೀಳಲಿಲ್ಲ. ನನ್ನ ಲೆಕ್ಕದಲ್ಲಿ ಆ ತಿಂಗಳ ದೊಡ್ಡ ಸುದ್ದಿ ಅದೇ ಆಗಿತ್ತು.

ಬಾಹ್ಯಾಕಾಶದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಊರಿನ ರಸ್ತೆಗೆ ಡಾಂಬರಿಲ್ಲ, ಚಂದ್ರನ ಮೇಲೆ ಯಾಕೆ ದುಡ್ಡು ಸುರಿಯಬೇಕು ಎಂದು ಒಂದು ಕಡೆ. ದೇಶದ ಹೆಮ್ಮೆಯನ್ನು ಪ್ರಶ್ನಿಸುತ್ತೀರಾ ಎಂದು ಇನ್ನೊಂದು ಕಡೆ. ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. 2024-25ರ ಕೇಂದ್ರ ಬಜೆಟ್ಟಿನ ಗಾತ್ರ ಸುಮಾರು 48 ಲಕ್ಷ ಕೋಟಿ ರೂಪಾಯಿ, ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ಸುಮಾರು 13 ಸಾವಿರ ಕೋಟಿ. ನೂರು ರೂಪಾಯಿಯಲ್ಲಿ 27 ಪೈಸೆ. ಈ 27 ಪೈಸೆಯನ್ನು ಉಳಿಸಿದರೆ ರಸ್ತೆ ಆಗಿಬಿಡುತ್ತದೆ ಎನ್ನುವುದು ಸುಳ್ಳು. ಅದರಿಂದ ಬರುವ ಉಪಯೋಗವೂ ಕಣ್ಣಿಗೆ ಕಾಣುವಂಥದ್ದು. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಫೈಲಿನ್ ಅದೇ ಕರಾವಳಿಗೆ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಲು ಆಯಿತು, ಸತ್ತವರ ಸಂಖ್ಯೆ ಹತ್ತುಗಳಲ್ಲಿ ನಿಂತಿತು. ಆಶ್ರಯ ತಾಣ, ಆಡಳಿತದ ಸಿದ್ಧತೆ ಎಲ್ಲವೂ ಅದರಲ್ಲಿ ಸೇರಿದೆ, ಆದರೆ ಸುಳಿಯ ಜಾಡನ್ನು ದಿನಗಟ್ಟಲೆ ಮುಂಚೆ ತೋರಿಸಿದ ಕಣ್ಣು ಮೇಲಿತ್ತು. ಮಲ್ಪೆ, ಕಾರವಾರದ ಬೋಟುಗಳಿಗೆ ಮೀನು ಸಿಗುವ ಜಾಗದ ಮುನ್ಸೂಚನೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್ಕಾಯಿಸ್‌ನಿಂದ ಬರುತ್ತದೆ. ಸಮುದ್ರದ ಮೇಲ್ಮೈ ಬಿಸಿ ಎಷ್ಟು, ನೀರಿನ ಹಸಿರು ಬಣ್ಣ ಎಲ್ಲಿ ದಟ್ಟ ಎಂದು ಉಪಗ್ರಹದ ಚಿತ್ರದಿಂದ ಓದಿ ಅದನ್ನು ತಯಾರಿಸುತ್ತಾರೆ. ಮೋಡ ಕವಿದ ದಿನ ಆ ಚಿತ್ರ ಸಿಗುವುದಿಲ್ಲ, ಮುನ್ಸೂಚನೆಯೂ ಸಿಗುವುದಿಲ್ಲ.

ಹಾಗಾಗಿ ಕಳಿಸಬೇಕೋ ಬೇಡವೋ ಎಂಬ ಜಗಳದಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ಕಳಿಸಿದ್ದನ್ನು ಇಳಿಸುವವರು ಯಾರು, ಅದಕ್ಕೆ ಬೇಕಾದ ಇಂಧನವನ್ನು ಹೊರಡುವ ದಿನವೇ ತುಂಬಿಸಿ ಕಳಿಸಿದ್ದಾರೆಯೇ? ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆ. ಜಾತ್ರೆಯ ಮರುದಿನ ತೇರಬೀದಿ ಗುಡಿಸಲು ಜನ ಗೊತ್ತುಮಾಡದೆ ತೇರು ಎಳೆಯುವ ಊರು ಯಾವುದೂ ಇಲ್ಲ.

ಮೇಘಾ-ಟ್ರಾಪಿಕ್ಸ್‌ಗೇ ಮರಳಿ ಬರುತ್ತೇನೆ, ಯಾಕೆಂದರೆ ಇಳಿಸುವುದು ಎಷ್ಟು ಕಷ್ಟ ಎಂದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಉಷ್ಣವಲಯದ ಮೋಡ, ಮಳೆ, ತೇವಾಂಶವನ್ನು ಅಳೆಯಲು ಭಾರತ ಮತ್ತು ಫ್ರಾನ್ಸ್ ಸೇರಿ 2011ರ ಅಕ್ಟೋಬರ್ 12ರಂದು ಹಾರಿಸಿದ ಉಪಗ್ರಹ ಇದು. ತೂಕ ಸುಮಾರು ಒಂದು ಟನ್, ಎತ್ತರ 867 ಕಿ.ಮೀ. ಮೂರು ವರ್ಷದ ಆಯಸ್ಸು ಕೊಟ್ಟು ಕಳಿಸಿದ್ದು 2021ರವರೆಗೂ ಮಾಹಿತಿ ಕೊಟ್ಟಿತು. ಆ ಎತ್ತರದಲ್ಲಿ ಹಾಗೇ ಬಿಟ್ಟಿದ್ದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಸುತ್ತುತ್ತಿತ್ತು. ಅದೃಷ್ಟಕ್ಕೆ ಟ್ಯಾಂಕಿನಲ್ಲಿ ಸುಮಾರು 125 ಕಿಲೋ ಇಂಧನ ಉಳಿದಿತ್ತು.

ಉಪಗ್ರಹವನ್ನು ಇಳಿಸುವುದೆಂದರೆ ಕೆಳಗೆ ನೂಕುವುದಲ್ಲ, ಬ್ರೇಕ್ ಹಾಕುವುದು. 867 ಕಿ.ಮೀ. ಎತ್ತರದಲ್ಲಿ ಅದು ಸೆಕೆಂಡಿಗೆ 7.4 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಸೆಕೆಂಡಿಗೆ 0.2 ಕಿ.ಮೀ.ಯಷ್ಟು, ಅಂದರೆ ನೂರಕ್ಕೆ ಮೂರು ಪಾಲು ಕಡಿಮೆ ಮಾಡಿದರೆ ಸಾಕು, ಕಕ್ಷೆಯ ಇನ್ನೊಂದು ತುದಿ ಬಾಗಿ ವಾತಾವರಣಕ್ಕೆ ತಾಗುತ್ತದೆ. ಕೇಳಲು ಸುಲಭ. ಆದರೆ ಥ್ರಸ್ಟರ್ ಒಂದೊಂದರ ಬಲ 11 ನ್ಯೂಟನ್. ನಾಲ್ಕೂ ಸೇರಿದರೆ 44 ನ್ಯೂಟನ್, ನಾಲ್ಕೂವರೆ ಕಿಲೋ ಅಕ್ಕಿಯ ಚೀಲ ಅಂಗೈ ಮೇಲೆ ಒತ್ತುವಷ್ಟು. ಒಂದು ಟನ್ ತೂಕದ ವಸ್ತುವಿಗೆ ಅಷ್ಟು ಬಲದಲ್ಲಿ ಬ್ರೇಕ್ ಹಾಕಬೇಕು, ಅದೂ ಕಕ್ಷೆಯ ಎತ್ತರದ ತುದಿಯ ಆಸುಪಾಸಿನಲ್ಲಿ ಮಾತ್ರ, ಯಾಕೆಂದರೆ ಅಲ್ಲಿ ಹಾಕಿದ ಬ್ರೇಕೇ ಎದುರಿನ ತಗ್ಗಿನ ತುದಿಯನ್ನು ಇಳಿಸುವುದು. ಅದಕ್ಕೇ 2022ರ ಆಗಸ್ಟಿನಿಂದ ಏಳು ತಿಂಗಳಲ್ಲಿ ಒಟ್ಟು 20 ಬಾರಿ ಸ್ವಲ್ಪ ಸ್ವಲ್ಪವೇ ಇಳಿಸಿದರು. ಸುಮಾರು 120 ಕಿಲೋ ಇಂಧನ ಅದಕ್ಕೇ ಖರ್ಚಾಯಿತು.

ತೊಂದರೆಗಳು ತಗ್ಗಿಗೆ ಬಂದಂತೆಲ್ಲ ಹೆಚ್ಚುತ್ತವೆ. ಈ ಉಪಗ್ರಹವನ್ನು ನಿಯಂತ್ರಿತವಾಗಿ ಬೀಳಿಸಲೆಂದು ಕಟ್ಟಿದ್ದೇ ಅಲ್ಲ. ತಗ್ಗಿನ ತುದಿ 300 ಕಿ.ಮೀ.ಗಿಂತ ಕೆಳಗೆ ಬಂದಾಗ ತೆಳುವಾದ ಗಾಳಿಯೂ ಉಪಗ್ರಹದ ಸೌರಫಲಕಗಳನ್ನು ಹಿಡಿದು ತಿರುಗಿಸಲು ನೋಡುತ್ತದೆ. ಮುಖ ಯಾವ ಕಡೆಗಿದೆ ಎಂದು ಹೇಳುವ ಸೆನ್ಸರುಗಳು ಅಲ್ಲಿ ಕೆಲಸ ಮಾಡಲೆಂದು ತಯಾರಾದವಲ್ಲ. ಟ್ಯಾಂಕ್ ಬರಿದಾಗುತ್ತ ಹೋದಂತೆ ಒತ್ತಡ ಇಳಿದು ಥ್ರಸ್ಟರಿನ ಬಲವೂ ಕುಗ್ಗುತ್ತದೆ, ಲೆಕ್ಕ ಹಾಕಿದ ಇಪ್ಪತ್ತು ನಿಮಿಷ ಸಾಲದೇ ಹೋಗಬಹುದು. ದಾರಿಯಲ್ಲಿ ಸುಮಾರು 400 ಕಿ.ಮೀ. ಎತ್ತರದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೂ ಚೀನಾದ ನಿಲ್ದಾಣವೂ ಇವೆ, ಎರಡರಲ್ಲೂ ಮನುಷ್ಯರಿದ್ದಾರೆ. ಪ್ರತಿ ಸಲ ಬ್ರೇಕ್ ಹಾಕುವ ಮುಂಚೆ ಹೊಸ ದಾರಿ ಅವುಗಳ ಹತ್ತಿರ ಹೋಗುವುದಿಲ್ಲ ಎಂದು ಲೆಕ್ಕ ಮಾಡಲೇಬೇಕು. ಕೊನೆಯ ಎರಡು ದೀರ್ಘ ಉರಿಗಳು ಯಾಕೆ ಬೇಕಾದವು ಎಂದರೆ, 120-150 ಕಿ.ಮೀ. ಎತ್ತರದಲ್ಲಿ ತೂಗಾಡಲು ಬಿಟ್ಟರೆ ಗಾಳಿ ತನಗೆ ಇಷ್ಟ ಬಂದ ಕಡೆ ಎಳೆದುಕೊಳ್ಳುತ್ತದೆ. ಆ ಪಟ್ಟಿಯನ್ನು ಒಂದೇ ಏಟಿಗೆ ದಾಟಿ ತಗ್ಗಿನ ತುದಿಯನ್ನು 80 ಕಿ.ಮೀ.ಗಿಂತ ಕೆಳಗೆ ತಂದರೆ ಮಾತ್ರ ಬೀಳುವ ಜಾಗ ನಮ್ಮ ಕೈಯಲ್ಲಿರುತ್ತದೆ.

ಎಲ್ಲ ಉಪಗ್ರಹದಲ್ಲೂ 125 ಕಿಲೋ ಉಳಿದಿರುವುದಿಲ್ಲ. 2007ರಲ್ಲಿ ಹಾರಿದ ಕಾರ್ಟೊಸ್ಯಾಟ್-2ರಲ್ಲಿ ಬಳಸಲು ಸಿಕ್ಕಿದ್ದು 26 ಕಿಲೋ. 635 ಕಿ.ಮೀ. ಎತ್ತರದಲ್ಲಿದ್ದ ಅದು ತಾನಾಗಿ ಬೀಳಲು ಸುಮಾರು 30 ವರ್ಷ ಹಿಡಿಯುತ್ತಿತ್ತು. ಆ 26 ಕಿಲೋದಲ್ಲಿ 2020ರ ಆರಂಭದ ಹೊತ್ತಿಗೆ ತಗ್ಗಿನ ತುದಿಯನ್ನು 380 ಕಿ.ಮೀ.ಗೆ ತಂದರು, ಉಳಿದ ಕೆಲಸವನ್ನು ಗಾಳಿ ಮಾಡಿತು, 2024ರ ಫೆಬ್ರುವರಿ 14ರಂದು ಹಿಂದೂ ಮಹಾಸಾಗರದ ಮೇಲೆ ಅದು ಬಿತ್ತು. ಪೂರ್ತಿ ನಿಯಂತ್ರಣ ಇರಲಿಲ್ಲ, ಆದರೂ ಹಲವು ವರ್ಷಗಳ ಅಪಾಯ ಕಡಿಮೆಯಾಯಿತು.

ಎತ್ತರಕ್ಕೂ ಕಾಲಕ್ಕೂ ಇರುವ ಈ ನಂಟನ್ನು ಅರ್ಥಮಾಡಿಕೊಳ್ಳದೆ ಚರ್ಚೆ ಮುಂದೆ ಹೋಗುವುದಿಲ್ಲ. 400 ಕಿ.ಮೀ.ಯಲ್ಲಿ ಕೈಬಿಟ್ಟ ವಸ್ತು ಹೆಚ್ಚುಕಡಿಮೆ ಒಂದೆರಡು ವರ್ಷದಲ್ಲಿ ಬೀಳುತ್ತದೆ. 550ರಲ್ಲಿ ಕೆಲವು ವರ್ಷ. 800 ದಾಟಿದರೆ ಶತಮಾನದ ಮಾತು. 1,200ರಲ್ಲಿ ಗಾಳಿಯ ನೆರವನ್ನು ಮರೆತೇಬಿಡಬೇಕು, ಅಲ್ಲಿ ಕೆಟ್ಟು ನಿಂತದ್ದನ್ನು ಯಾರಾದರೂ ಹೋಗಿ ತರಬೇಕಷ್ಟೆ. ನಮ್ಮ ರಾಕೆಟ್ ಹೊತ್ತೊಯ್ದ 72 ಉಪಗ್ರಹಗಳ ನೆಲೆ ಅದೇ ಎತ್ತರ. ಅವಕ್ಕೆ ತಾವಾಗಿ ಇಳಿಯುವ ವ್ಯವಸ್ಥೆ ಇದೆ. ಆದರೆ ಆ ವ್ಯವಸ್ಥೆ ಕೆಲಸ ಮಾಡುವುದು ಉಪಗ್ರಹ ಆಜ್ಞೆ ಕೇಳುವ ಸ್ಥಿತಿಯಲ್ಲಿದ್ದಾಗ. ಸತ್ತ ಉಪಗ್ರಹ ಯಾರ ಮಾತನ್ನೂ ಕೇಳುವುದಿಲ್ಲ.

ಗಾಳಿಯೂ ಒಂದೇ ಸಮನಾಗಿರುವುದಿಲ್ಲ. ಸೂರ್ಯ ಕೆರಳಿದಾಗ ಮೇಲಿನ ವಾತಾವರಣ ಉಬ್ಬುತ್ತದೆ. 2022ರ ಫೆಬ್ರುವರಿಯಲ್ಲಿ ಹಾರಿಸಿದ, ಸ್ಪೇಸ್‌ಎಕ್ಸ್ ಕಂಪನಿಯ 49 ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳನ್ನು ಮೊದಲು ಸುಮಾರು 210 ಕಿ.ಮೀ. ಎತ್ತರದಲ್ಲಿ ಬಿಟ್ಟಿದ್ದರು. ಮರುದಿನವೇ ಸೂರ್ಯನ ಆರ್ಭಟಕ್ಕೆ ಭೂಮಿಯ ಕಾಂತಕ್ಷೇತ್ರ ಕದಡುವ ಭೂಕಾಂತ ಬಿರುಗಾಳಿ ಬಂದು ಗಾಳಿಯ ಎಳೆತ ಎಷ್ಟು ಹೆಚ್ಚಿತೆಂದರೆ ಅವುಗಳಲ್ಲಿ ಹೆಚ್ಚಿನವು ಮೇಲೇರಲಾಗದೆ ಕೆಳಗೆ ಬಿದ್ದು ಸುಟ್ಟುಹೋದವು. ಅಷ್ಟು ತಗ್ಗಿನಲ್ಲಿ ಬಿಟ್ಟದ್ದು ಒಳ್ಳೆಯ ಪದ್ಧತಿಯೇ. ಹುಟ್ಟುವಾಗಲೇ ಕೆಟ್ಟದ್ದು ಮೇಲೆ ಉಳಿಯದೆ ಬೇಗ ಬೀಳಲಿ ಎಂಬುದೇ ಅದರ ಉದ್ದೇಶ.

ಮೇಲೆ ಉಳಿದದ್ದು ಏನು ಮಾಡುತ್ತದೆ? 1 ಸೆಂ.ಮೀ. ಅಡ್ಡಳತೆಯ ಅಲ್ಯೂಮಿನಿಯಂ ಗುಂಡು ತೆಗೆದುಕೊಳ್ಳಿ. ತೂಕ ಒಂದೂವರೆ ಗ್ರಾಮೂ ಇಲ್ಲ. ಎದುರುಬದುರಾಗಿ ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಬಡಿದರೆ ಅದರ ಶಕ್ತಿ ಸುಮಾರು 70 ಕಿಲೋಜೂಲ್, ಒಂದು ಟನ್ ತೂಕದ ಕಾರು ಗಂಟೆಗೆ 42 ಕಿ.ಮೀ. ವೇಗದಲ್ಲಿ ಬಂದು ಗುದ್ದಿದಷ್ಟು. ಅಷ್ಟೂ ಶಕ್ತಿ ಬೆರಳ ತುದಿಯಷ್ಟು ಜಾಗದಲ್ಲಿ ಇಳಿಯುತ್ತದೆ. 1ರಿಂದ 10 ಸೆಂ.ಮೀ. ಗಾತ್ರದ ಇಂಥ ಚೂರುಗಳು ಹತ್ತು ಲಕ್ಷಕ್ಕೂ ಹೆಚ್ಚಿವೆ ಎಂಬುದು ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಅಂದಾಜು. ಇವುಗಳಲ್ಲಿ ಬಹುಪಾಲು ನೆಲದ ರೇಡಾರಿಗೆ ಕಾಣುವುದಿಲ್ಲ. ಕಾಣದ್ದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಈ ಚೂರುಗಳಲ್ಲಿ ನಮ್ಮ ಪಾಲೂ ಇದೆ, ಅದನ್ನು ಮುಚ್ಚಿಡಬಾರದು. 2001ರ ಅಕ್ಟೋಬರ್‌ನಲ್ಲಿ ಹಾರಿದ ಪಿಎಸ್‌ಎಲ್‌ವಿ-ಸಿ3 ರಾಕೆಟ್ಟಿನ ಕೊನೆಯ ಹಂತ ತನ್ನ ಕೆಲಸ ಮುಗಿಸಿ, ಎರಡು ತಿಂಗಳ ನಂತರ ಡಿಸೆಂಬರ್ 19ರಂದು ಕಕ್ಷೆಯಲ್ಲೇ ಸಿಡಿಯಿತು. 300ಕ್ಕೂ ಹೆಚ್ಚು ಚೂರುಗಳು ಲೆಕ್ಕಕ್ಕೆ ಸಿಕ್ಕವು. ಆ ಹಂತದಲ್ಲಿ ಬಳಸುವ ಇಂಧನ ಮತ್ತು ಅದನ್ನು ಉರಿಸುವ ಉತ್ಕರ್ಷಕ ದ್ರವಗಳು ಒಂದಕ್ಕೊಂದು ತಾಕಿದರೆ ಸಾಕು, ಕಿಡಿಯೇ ಬೇಡ, ಹೊತ್ತಿಕೊಳ್ಳುತ್ತವೆ. ಟ್ಯಾಂಕಿನಲ್ಲಿ ಉಳಿಕೆ ಬಿಟ್ಟು ಬರುವುದೆಂದರೆ ಬಿಸಿಲಲ್ಲಿ ಬಾಂಬ್ ಇಟ್ಟು ಬಂದಂತೆ. ಆಮೇಲಿನ ಹಾರಾಟಗಳಲ್ಲಿ ಇಸ್ರೊ ಕೆಲಸ ಮುಗಿದ ಕೂಡಲೇ ಉಳಿಕೆಯನ್ನು ಹೊರಗೆ ಬಿಟ್ಟು ಟ್ಯಾಂಕಿನ ಒತ್ತಡ ಇಳಿಸುವ ಪದ್ಧತಿ ತಂದಿತು. ಬೇಕಾದದ್ದು ಒಂದು ಕವಾಟ, ಒಂದು ಆಜ್ಞೆ. ಅಷ್ಟು ಸಣ್ಣ ಕೆಲಸ. ಆದರೂ ಅವತ್ತಿನ ಚೂರುಗಳಲ್ಲಿ ಕೆಲವು ಎರಡು ದಶಕ ಕಳೆದ ಮೇಲೂ ಸುತ್ತುತ್ತಲೇ ಇವೆ.

ಬೇಕೆಂದೇ ಒಡೆದ ಲೆಕ್ಕ ಬೇರೆ. 2007ರ ಜನವರಿ 11ರಂದು ಚೀನಾ ತನ್ನದೇ ಹವಾಮಾನ ಉಪಗ್ರಹ ಫೆಂಗ್‌ಯುನ್-1ಸಿಯನ್ನು ಕ್ಷಿಪಣಿಯಿಂದ ಹೊಡೆಯಿತು. ಎತ್ತರ ಸುಮಾರು 865 ಕಿ.ಮೀ., ಮೇಘಾ-ಟ್ರಾಪಿಕ್ಸ್ ಸುತ್ತುತ್ತಿದ್ದ ಅದೇ ಪಟ್ಟಿ. ಹುಟ್ಟಿದ ಚೂರುಗಳು ಮೂರು ಸಾವಿರಕ್ಕೂ ಹೆಚ್ಚು. 2021ರ ನವೆಂಬರ್ 15ರಂದು ರಷ್ಯಾ ತನ್ನ ಹಳೆಯ ಉಪಗ್ರಹ ಕಾಸ್ಮೋಸ್-1408ನ್ನು ಒಡೆದಾಗ ಬಾಹ್ಯಾಕಾಶ ನಿಲ್ದಾಣದಲ್ಲಿದ್ದವರು, ರಷ್ಯನ್ನರೂ ಸೇರಿ, ಮನೆಗೆ ಮರಳುವ ನೌಕೆಗಳೊಳಗೆ ಹೋಗಿ ಕೂರಬೇಕಾಯಿತು. 2019ರ ಮಾರ್ಚ್ 27ರಂದು ಭಾರತವೂ ತನ್ನದೇ ಒಂದು ಉಪಗ್ರಹವನ್ನು ಒಡೆಯಿತು. ಸುಮಾರು 280 ಕಿ.ಮೀ. ಎತ್ತರದಲ್ಲಿ ಹೊಡೆದದ್ದರಿಂದ ಚೂರುಗಳು ಬೇಗ ಬೀಳುತ್ತವೆ, 45 ದಿನದಲ್ಲಿ ಮುಗಿಯುತ್ತದೆ ಎಂದರು. ಬಹುಪಾಲು ಬೇಗ ಬಿದ್ದವು ನಿಜ. ಆದರೆ ಹೊಡೆತದ ರಭಸಕ್ಕೆ ಕೆಲವು ಚೂರು ಮೇಲಕ್ಕೆ ಚಿಮ್ಮಿ, ಕೊನೆಯದು ಬೀಳಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ತಗ್ಗಿನಲ್ಲಿ ಒಡೆದರೂ ಚೂರು ತಗ್ಗಿನಲ್ಲೇ ಇರುತ್ತದೆ ಎಂಬ ಖಾತರಿ ಇಲ್ಲ. ಇಂಥ ಪರೀಕ್ಷೆ ಇನ್ನು ಮಾಡುವುದಿಲ್ಲ ಎಂದು ಭಾರತ ಬಾಯಿಬಿಟ್ಟು ಹೇಳಬೇಕು. 2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಆ ಅರ್ಥದ ನಿರ್ಣಯ ಮತಕ್ಕೆ ಬಂದಾಗ ನಾವು ತಟಸ್ಥರಾಗಿ ಕೂತೆವು. ಅದು ಸರಿಯಾಗಲಿಲ್ಲ.

ಈಗ ದಿನನಿತ್ಯದ ಕೆಲಸ ನೋಡೋಣ. ಇಸ್ರೊ 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ಐಎಸ್4ಒಎಂ ಎಂಬ ಕೇಂದ್ರ ತೆರೆಯಿತು. ಅಲ್ಲಿ ನಡೆಯುವುದು ಇದು: ಯಾವ ವಸ್ತು ನಮ್ಮ ಉಪಗ್ರಹದ ಹತ್ತಿರ ಬರಲಿದೆ ಎಂಬ ಎಚ್ಚರಿಕೆ ಅಮೆರಿಕದ ಪಟ್ಟಿಯಿಂದಲೋ ತಮ್ಮದೇ ಲೆಕ್ಕದಿಂದಲೋ ಸಿಗುತ್ತದೆ. ಎಷ್ಟು ಗಂಟೆಗೆ, ಎಷ್ಟು ದೂರದಲ್ಲಿ, ಆ ಅಂದಾಜಿನಲ್ಲಿ ತಪ್ಪು ಎಷ್ಟಿರಬಹುದು ಎಂಬ ವಿವರ ಅದರಲ್ಲಿರುತ್ತದೆ. ತಪ್ಪಿನ ಗಾತ್ರವೇ ಇಲ್ಲಿ ಮುಖ್ಯ. ಒಂದು ಚೂರು ಇರಬಹುದಾದ ಜಾಗ ದುಂಡಗಿರುವುದಿಲ್ಲ, ಅದು ಓಡುವ ದಿಕ್ಕಿಗೆ ಸೌತೆಕಾಯಿಯಂತೆ ಉದ್ದವಾಗಿರುತ್ತದೆ, ಯಾಕೆಂದರೆ ನಾಳಿನ ಗಾಳಿಯ ಎಳೆತ ಎಷ್ಟಿರುತ್ತದೆ ಎಂದು ಇವತ್ತು ಕರಾರುವಾಕ್ಕಾಗಿ ಹೇಳಲಾಗುವುದಿಲ್ಲ. ನಮ್ಮ ಉಪಗ್ರಹದ ಜಾಗ ನಮಗೆ ಚೆನ್ನಾಗಿ ಗೊತ್ತು, ಎದುರಿನದ್ದರದ್ದು ಗೊತ್ತಿಲ್ಲ. ಎರಡು ಸೌತೆಕಾಯಿ ಒಂದರೊಳಗೊಂದು ಎಷ್ಟು ಸಿಕ್ಕಿಕೊಳ್ಳುತ್ತವೆ ಎಂಬುದರಿಂದ ಡಿಕ್ಕಿಯ ಸಂಭವ ತೆಗೆಯುತ್ತಾರೆ. ಹತ್ತು ಸಾವಿರಕ್ಕೆ ಒಂದು ಎಂಬ ಗಡಿ ದಾಟಿದರೆ ಸಾಮಾನ್ಯವಾಗಿ ಎಲ್ಲ ಸಂಸ್ಥೆಗಳೂ ಪಕ್ಕಕ್ಕೆ ಸರಿಯುವ ಯೋಚನೆ ಶುರುಮಾಡುತ್ತವೆ.

ಸರಿಯುವುದೂ ಪಕ್ಕಕ್ಕೆ ಅಲ್ಲ. ಅರ್ಧ ಸುತ್ತಿನ ಮುಂಚೆ ವೇಗವನ್ನು ಸೆಕೆಂಡಿಗೆ ಬರೀ 5 ಸೆಂ.ಮೀ. ಹೆಚ್ಚಿಸಿದರೆ, ಎದುರಿನ ತುದಿಗೆ ಬರುವ ಹೊತ್ತಿಗೆ ಉಪಗ್ರಹ ಸುಮಾರು 180 ಮೀಟರ್ ಮೇಲಿರುತ್ತದೆ. ಬೇಕಾದ ಇಂಧನ ಕೆಲವೇ ಗ್ರಾಂ. ಆದರೆ ಒಂದು ಸಲ ಸರಿದ ಮೇಲೆ ಹೊಸ ದಾರಿಯಲ್ಲಿ ಇನ್ನಾವುದಾದರೂ ಎದುರಾಗುತ್ತದೆಯೇ ಎಂದು ಮೊದಲಿನಿಂದ ನೋಡಬೇಕು, ಚಿತ್ರ ತೆಗೆಯುವ ವೇಳಾಪಟ್ಟಿ ಬದಲಾಗುತ್ತದೆ, ಮತ್ತೆ ಸ್ವಸ್ಥಾನಕ್ಕೆ ಬರಲು ಇನ್ನೊಂದಿಷ್ಟು ಇಂಧನ ಬೇಕು. 2023ರಲ್ಲಿ ಇಸ್ರೊ ಹೀಗೆ 23 ಸಲ ಉಪಗ್ರಹಗಳನ್ನು ಸರಿಸಿತು. ಅದೇ ವರ್ಷ ಚಂದ್ರಯಾನ-3ರ ಉಡಾವಣೆಯನ್ನು 4 ಸೆಕೆಂಡು, ಪಿಎಸ್‌ಎಲ್‌ವಿ-ಸಿ56ನ್ನು 1 ನಿಮಿಷ ತಡಮಾಡಿದ್ದೂ ಡಿಕ್ಕಿ ತಪ್ಪಿಸಲಿಕ್ಕೇ. ಚಂದ್ರನ ಸುತ್ತಲೂ ಈ ಕೆಲಸ ಶುರುವಾಗಿದೆ: 2021ರ ಅಕ್ಟೋಬರಿನಲ್ಲಿ ನಾಸಾದ ಎಲ್‌ಆರ್‌ಒ ನೌಕೆಯ ಹತ್ತಿರ ಹೋಗದಂತೆ ಚಂದ್ರಯಾನ-2ರ ಆರ್ಬಿಟರನ್ನು ಸರಿಸಬೇಕಾಯಿತು.

ಲೆಕ್ಕ ತಪ್ಪುವುದೂ ಉಂಟು. 2009ರ ಫೆಬ್ರುವರಿ 10ರಂದು ಸೈಬೀರಿಯಾದ ಮೇಲೆ 789 ಕಿ.ಮೀ. ಎತ್ತರದಲ್ಲಿ ಅಮೆರಿಕದ ಸಂಪರ್ಕ ಉಪಗ್ರಹ ಇರಿಡಿಯಂ-33 ಮತ್ತು ರಷ್ಯಾದ ಸತ್ತ ಉಪಗ್ರಹ ಕಾಸ್ಮೋಸ್-2251 ಸೆಕೆಂಡಿಗೆ 11 ಕಿ.ಮೀ.ಗೂ ಮೀರಿದ ವೇಗದಲ್ಲಿ ಗುದ್ದಿಕೊಂಡವು. ಅವತ್ತಿನ ಸಾರ್ವಜನಿಕ ಲೆಕ್ಕದ ಪ್ರಕಾರ ಅವು ಅರ್ಧ ಕಿ.ಮೀ.ಗೂ ಹೆಚ್ಚು ಅಂತರ ಬಿಟ್ಟು ಹಾದುಹೋಗಬೇಕಿತ್ತು. ಲೆಕ್ಕ ಸರಿಯಿದ್ದರೂ ಮಾತು ತಪ್ಪಬಹುದು. 2019ರ ಸೆಪ್ಟೆಂಬರ್ 2ರಂದು ಐರೋಪ್ಯ ಸಂಸ್ಥೆ ತನ್ನ ಈಯೋಲಸ್ ಉಪಗ್ರಹವನ್ನು ಒಂದು ಸ್ಟಾರ್‌ಲಿಂಕ್‌ನ ದಾರಿಯಿಂದ ಸರಿಸಿತು. ಅಪಾಯ ಹೆಚ್ಚಿದೆ ಎಂಬ ಪರಿಷ್ಕೃತ ಸಂದೇಶ ಕರೆ ವ್ಯವಸ್ಥೆಯ ದೋಷದಿಂದ ತಮ್ಮ ಸಿಬ್ಬಂದಿಯನ್ನು ತಲುಪಲಿಲ್ಲ ಎಂದು ಸ್ಪೇಸ್‌ಎಕ್ಸ್ ಆಮೇಲೆ ಹೇಳಿತು. ಎದುರು ಬರುವ ಎರಡು ಬಸ್ಸುಗಳಲ್ಲಿ ಯಾವುದು ದಾರಿ ಬಿಡಬೇಕೆಂದು ಘಾಟಿ ರಸ್ತೆಯಲ್ಲಿ ನಿಯಮವಿದೆ. ಕಕ್ಷೆಯಲ್ಲಿ ಎಲ್ಲರನ್ನೂ ಕಟ್ಟಿಹಾಕುವ ಅಂಥ ನಿಯಮ ಇಲ್ಲ.

ಇಳಿಸಿದರೆ ಎಲ್ಲ ಮುಗಿಯಿತೇ ಎಂದರೆ, ಅದೂ ಇಲ್ಲ. ಸುಟ್ಟುಹೋಯಿತು ಎನ್ನುತ್ತೇವೆ, ಆದರೆ ಸುಟ್ಟದ್ದು ಎಲ್ಲಿಗೂ ಹೋಗುವುದಿಲ್ಲ. 60-80 ಕಿ.ಮೀ. ಎತ್ತರದಲ್ಲಿ ಕರಗಿದ ಅಲ್ಯೂಮಿನಿಯಂ ಆಕ್ಸೈಡಿನ ನವಿರು ಪುಡಿಯಾಗಿ ನಿಧಾನಕ್ಕೆ ವಾಯುಮಂಡಲದ ಕೆಳಪದರಗಳಿಗೆ ಇಳಿಯುತ್ತದೆ. ವಿಮಾನದಲ್ಲಿ ಉಪಕರಣ ಒಯ್ದು ವಾಯುಸ್ತರದ (ಸ್ಟ್ರ್ಯಾಟೊಸ್ಫಿಯರ್) ಕಣಗಳನ್ನು ಒಂದೊಂದಾಗಿ ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಅಲ್ಲಿನ ಗಂಧಕಾಮ್ಲದ ದೊಡ್ಡ ಕಣಗಳಲ್ಲಿ ನೂರಕ್ಕೆ ಹತ್ತರಲ್ಲಿ ನೌಕೆಗಳಿಂದ ಬಂದ ಅಲ್ಯೂಮಿನಿಯಂ ಮತ್ತಿತರ ಲೋಹವಿತ್ತು. ನಯೋಬಿಯಂ, ಹಾಫ್ನಿಯಂನಂಥ ಲೋಹಗಳೂ ಸಿಕ್ಕವು. ಉಲ್ಕೆಗಳು ಅವನ್ನು ತರುವುದಿಲ್ಲ, ರಾಕೆಟ್ ಎಂಜಿನುಗಳ ಮಿಶ್ರಲೋಹದಲ್ಲಿ ಅವು ಇರುತ್ತವೆ. ಓಝೋನ್ ಪದರಕ್ಕೆ ಇದರಿಂದ ಎಷ್ಟು ಪೆಟ್ಟು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗುವ ಮುಂಚೆಯೇ ಸಾವಿರಾರು ಉಪಗ್ರಹಗಳನ್ನು ಐದು ವರ್ಷಕ್ಕೊಮ್ಮೆ ಸುಡುವ ವ್ಯಾಪಾರ ಬೇರೂರಿಬಿಟ್ಟಿದೆ. ನನ್ನನ್ನು ಹೆಚ್ಚು ಕಾಡುವುದು ಇದು.

ಸುಡದೆ ನೆಲಕ್ಕೆ ಬರುವುದೂ ಇದೆ. ಟೈಟಾನಿಯಂ ಟ್ಯಾಂಕ್, ನಾರು ಸುತ್ತಿದ ಒತ್ತಡದ ಗೋಳ, ಎಂಜಿನ್ನಿನ ಗಟ್ಟಿ ಲೋಹ, ಇವು ಬೇಗ ಕರಗುವುದಿಲ್ಲ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಆಕಾಶದಲ್ಲಿ ಬೆಂಕಿಯ ಗೆರೆ ಕಂಡು, ಚಂದ್ರಪುರ ಜಿಲ್ಲೆಯ ಹಳ್ಳಿಯಲ್ಲಿ ಆಳೆತ್ತರ ಮೀರಿದ ಲೋಹದ ಉಂಗುರ ಬಿದ್ದಿತ್ತು. ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಭಾಗವಿರಬೇಕು ಎಂದು ಕಕ್ಷೆಗಳನ್ನು ಗಮನಿಸುವವರು ಗುರುತಿಸಿದರು. 2023ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲತೀರಕ್ಕೆ ಬಂದು ಬಿದ್ದಿದ್ದ ಪಿಪಾಯಿ ನಮ್ಮ ಪಿಎಸ್‌ಎಲ್‌ವಿಯ ಮೂರನೇ ಹಂತ. ಇಂಥದ್ದು ಎಲ್ಲಿಯಾದರೂ ಕಂಡರೆ ಮುಟ್ಟಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು, ಪೊಲೀಸರಿಗೆ ತಿಳಿಸಬೇಕು. ಟ್ಯಾಂಕಿನಲ್ಲಿ ಹೈಡ್ರಜಿನ್ ಎಂಬ ವಿಷಕಾರಿ ಇಂಧನ ಉಳಿದಿದ್ದರೆ ಅಮೋನಿಯಾದಂಥ ವಾಸನೆ ಬರುತ್ತದೆ. ವಾಸನೆ ತಿಳಿಯುವಷ್ಟು ಹತ್ತಿರ ಹೋಗಿದ್ದರೆ ಆಗಲೇ ವಿಷ ಒಳಗೆ ಹೋಗಿರುತ್ತದೆ. ನೆಲದ ಮೇಲೆ ಹಾನಿಯಾದರೆ ಹಾರಿಸಿದ ದೇಶ ತಪ್ಪಿರಲಿ ಇಲ್ಲದಿರಲಿ ಪರಿಹಾರ ಕೊಡಬೇಕೆಂದು 1972ರ ಒಪ್ಪಂದ ಹೇಳುತ್ತದೆ. 1978ರಲ್ಲಿ ಪರಮಾಣು ರಿಯಾಕ್ಟರ್ ಹೊತ್ತ ಸೋವಿಯತ್ ಕಾಸ್ಮೋಸ್-954 ಕೆನಡಾದ ಹಿಮದ ನಾಡಿನಲ್ಲಿ ಬಿದ್ದಾಗ ಕೆನಡಾ 60 ಲಕ್ಷ ಡಾಲರಿನ ಬಿಲ್ ಕಳಿಸಿತು, ಸಿಕ್ಕಿದ್ದು 30 ಲಕ್ಷ. ಕಕ್ಷೆಯಲ್ಲಿ ಆದ ಹಾನಿಗಾದರೆ ತಪ್ಪು ಯಾರದ್ದೆಂದು ಸಾಬೀತು ಮಾಡಬೇಕು. ಬೆರಳುಗುರುತಿಲ್ಲದ ಚೂರಿನ ಮೇಲೆ ಯಾವ ಕೇಸು ನಿಲ್ಲುತ್ತದೆ?

ಆಕಾಶ ನೋಡುವವರ ದೂರು ಕೊನೆಗೆ ಬರುತ್ತಿದೆ, ಆದರೆ ಅದು ಸಣ್ಣದಲ್ಲ. 550 ಕಿ.ಮೀ. ಎತ್ತರದ ಉಪಗ್ರಹ ನೆತ್ತಿಯ ಮೇಲಿದ್ದರೆ, ಸೂರ್ಯ ದಿಗಂತದಿಂದ 23 ಡಿಗ್ರಿ ಕೆಳಗಿಳಿಯುವವರೆಗೂ ಅದಕ್ಕೆ ಬಿಸಿಲು ಬೀಳುತ್ತಿರುತ್ತದೆ. ನಮ್ಮ ಅಕ್ಷಾಂಶದಲ್ಲಿ ಅದು ಸಂಜೆ ಸೂರ್ಯ ಮುಳುಗಿ ಸುಮಾರು ಒಂದೂವರೆ ಗಂಟೆ. 1,200 ಕಿ.ಮೀ.ಯದ್ದು ಎರಡು ಗಂಟೆಗೂ ಹೆಚ್ಚು ಹೊತ್ತು ಮಿನುಗುತ್ತದೆ. ಬೆಳಗಿನ ಜಾವವೂ ಅಷ್ಟೇ ಹೊತ್ತು. ಈ ಎರಡು ಹೊತ್ತೇ ಸೂರ್ಯನ ಸಮೀಪದ ಕ್ಷುದ್ರಗ್ರಹಗಳನ್ನು ಹುಡುಕಲು ಸಿಗುವ ಸಮಯ, ಭೂಮಿಗೆ ಅಪಾಯ ತರಬಲ್ಲವು ಅಡಗಿರುವುದೂ ಅಲ್ಲೇ. ಕ್ಯಾಲಿಫೋರ್ನಿಯಾದ ಜ್ವಿಕಿ ಎಂಬ ಆಕಾಶ ಸಮೀಕ್ಷೆಯ ಸಂಧ್ಯಾಕಾಲದ ಚಿತ್ರಗಳಲ್ಲಿ ಉಪಗ್ರಹದ ಗೆರೆ ಬಿದ್ದವು 2019ರ ಕೊನೆಯಲ್ಲಿ ಶೇಕಡಾ 0.5 ಇದ್ದದ್ದು 2021ರ ಆಗಸ್ಟಿಗೆ ಶೇಕಡಾ 18ಕ್ಕೆ ಏರಿತ್ತು. ಹವ್ಯಾಸಿ ಛಾಯಾಗ್ರಾಹಕರು ಮೂವತ್ತು ಸೆಕೆಂಡಿನ ಅರವತ್ತು ಚಿತ್ರ ತೆಗೆದು, ಒಂದರ ಮೇಲೊಂದು ಜೋಡಿಸಿ, ಒಂದೇ ಚಿತ್ರದಲ್ಲಿ ಕಂಡ ಹೊಳಪನ್ನು ಸಾಫ್ಟ್‌ವೇರಿನಿಂದ ತೆಗೆಸಬಹುದು. ಒಂದೇ ಸಲ ಮಿನುಗಿ ಮರೆಯಾಗುವ ನಕ್ಷತ್ರಸ್ಫೋಟವನ್ನು ಹುಡುಕುವವರು ಹಾಗೆ ಅಳಿಸಿದರೆ ಹುಡುಕುತ್ತಿದ್ದದ್ದೇ ಅಳಿಸಿಹೋಗುತ್ತದೆ.

ಕಂಪನಿಗಳು ಪ್ರಯತ್ನ ಪಟ್ಟಿಲ್ಲ ಎಂದೇನಲ್ಲ. 2020ರಲ್ಲಿ ಸ್ಪೇಸ್‌ಎಕ್ಸ್ ಒಂದು ಉಪಗ್ರಹಕ್ಕೆ ಕಪ್ಪು ಬಳಿದು ನೋಡಿತು. ಹೊಳಪು ಅರ್ಧದಷ್ಟು ತಗ್ಗಿತು, ಆದರೆ ಕಪ್ಪು ಬಿಸಿಲನ್ನು ಹೀರಿ ಉಪಗ್ರಹ ಕಾದು, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಹೊಳೆಯಿತು. ಆಮೇಲೆ ಬಿಸಿಲಿಗೆ ಅಡ್ಡ ಮರೆ ಕಟ್ಟಿದರು. ಉಪಗ್ರಹಗಳು ಪರಸ್ಪರ ಲೇಸರಿನಲ್ಲಿ ಮಾತಾಡತೊಡಗಿದಾಗ ಆ ಮರೆಯೇ ಅಡ್ಡ ಬಂದು ಅದನ್ನೂ ಕೈಬಿಟ್ಟರು. ಈಗ ಬೆಳಕನ್ನು ಭೂಮಿಯಿಂದಾಚೆ ತಿರುಗಿಸುವ ಕನ್ನಡಿಯಂಥ ಪದರ ಹಚ್ಚುತ್ತಾರೆ. ಬೆಳಕಿಗೆ ಮರೆ ಕಟ್ಟಬಹುದು, ರೇಡಿಯೊ ಸದ್ದಿಗೆ ಕಷ್ಟ. ಯುರೋಪಿನ ಲೋಫಾರ್ ರೇಡಿಯೊ ದೂರದರ್ಶಕ 2023ರಲ್ಲಿ 68 ಸ್ಟಾರ್‌ಲಿಂಕ್‌ಗಳನ್ನು ಆಲಿಸಿದಾಗ 47ರಿಂದ 110-188 ಮೆಗಾಹರ್ಟ್ಜ್ ನಡುವೆ ಗುನುಗು ಕೇಳಿಸಿತು. ಅದು ಪ್ರಸಾರವಲ್ಲ, ಒಳಗಿನ ಎಲೆಕ್ಟ್ರಾನಿಕ್ಸ್‌ನಿಂದ ಸೋರಿದ್ದು. ಸೋರಿಕೆಗೆ ಪರವಾನಗಿಯೂ ಇಲ್ಲ, ಮಿತಿಯೂ ಇಲ್ಲ. ಗೌರಿಬಿದನೂರಿನ ಬಯಲಿನಲ್ಲಿ ಸೂರ್ಯನನ್ನು ಆಲಿಸುವ ಆಂಟೆನಾ ಸಾಲುಗಳು ಕೆಲಸ ಮಾಡುವುದೂ ನೂರು ಮೆಗಾಹರ್ಟ್ಜ್ ಆಸುಪಾಸಿನಲ್ಲೇ.

ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಅಗಲದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ಬೆಂಗಳೂರು ಪಕ್ಕದ ಹೊಸಕೋಟೆಯಿಂದ. 2022ರಲ್ಲಿ ಅಲ್ಲಿ ಕತ್ತಲೆ ಮೀಸಲು ಪ್ರದೇಶ ಘೋಷಣೆಯಾದ ಮೇಲೆ ಸುತ್ತಲ ಹಳ್ಳಿಯವರು ಕಿಟಕಿಗೆ ದಪ್ಪ ಪರದೆ ಕಟ್ಟಿ, ದೀಪಕ್ಕೆ ಮುಚ್ಚಳ ಹಾಕಿ, ತಮ್ಮ ಬೆಳಕನ್ನು ತಾವೇ ಅಡಗಿಸಿಕೊಳ್ಳುತ್ತಾರೆ. ಅವರು ಬಿಟ್ಟುಕೊಟ್ಟ ಕತ್ತಲೆಗೆ ಗೆರೆ ಎಳೆಯುವವರು ಅವರನ್ನು ಕೇಳಿಲ್ಲ.

2024ರ ಏಪ್ರಿಲಿನಲ್ಲಿ ಬಾಹ್ಯಾಕಾಶ ಸಂಸ್ಥೆಗಳ ಕಸ ಸಮನ್ವಯ ಸಮಿತಿ ಬೆಂಗಳೂರಿನಲ್ಲಿ ಸೇರಿದಾಗ ಇಸ್ರೊ ಒಂದು ಮಾತು ಕೊಟ್ಟಿತು: 2030ರ ಹೊತ್ತಿಗೆ ಭಾರತದ ಎಲ್ಲ ಹಾರಾಟಗಳೂ, ಸರ್ಕಾರಿ ಇರಲಿ ಖಾಸಗಿ ಇರಲಿ, ಕಕ್ಷೆಯಲ್ಲಿ ಕಸ ಬಿಡುವುದಿಲ್ಲ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಪಿಎಸ್‌ಎಲ್‌ವಿ-ಸಿ58ರ ಕೊನೆಯ ಹಂತವನ್ನು 650ರಿಂದ 350 ಕಿ.ಮೀ.ಗೆ ಇಳಿಸಿ, ಪ್ರಯೋಗಗಳಿಗೆ ಬಳಸಿ, ಉತ್ತರ ಪೆಸಿಫಿಕ್‌ನಲ್ಲಿ ಬೀಳಲು ಬಿಟ್ಟಿದ್ದರು. ಆದರೆ ಈ ಮಾತಿನ ಹಿಂದೆ ಸಂಸತ್ತು ಮಾಡಿದ ಕಾನೂನು ಇಲ್ಲ, ಇರುವುದು 2023ರ ಬಾಹ್ಯಾಕಾಶ ನೀತಿ ಮತ್ತು ಖಾಸಗಿ ಹಾರಾಟಗಳಿಗೆ ಒಪ್ಪಿಗೆ ಕೊಡುವ ಇನ್‌ಸ್ಪೇಸ್ ಸಂಸ್ಥೆಯ ಅನುಮತಿ ಪತ್ರಗಳು. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2022ರಲ್ಲೇ, ಕೆಲಸ ಮುಗಿದ ಉಪಗ್ರಹ 25 ವರ್ಷದ ಬದಲು 5 ವರ್ಷದಲ್ಲಿ ಕಕ್ಷೆ ಬಿಡಬೇಕೆಂದು ನಿಯಮ ಮಾಡಿತು. ಅಂಥದ್ದು ನಮ್ಮಲ್ಲೂ ಕಾಯಿದೆಯ ಬಲದಲ್ಲಿ ಬರಬೇಕು. ಬೇರೆಯವರ ಉಪಗ್ರಹವನ್ನು ದುಡ್ಡು ಪಡೆದು ನಾವು ಹಾರಿಸುವಾಗಲೂ ಅದು ಅನ್ವಯಿಸಬೇಕು.

ಉಡಾವಣೆಯ ದಿನ ಇಸ್ರೊ ಒಂದು ಕೈಪಿಡಿ ಬಿಡುಗಡೆ ಮಾಡುತ್ತದೆ. ರಾಕೆಟ್ಟಿನ ಎತ್ತರ, ಹೊರುವ ತೂಕ, ಸೇರುವ ಕಕ್ಷೆ, ಎಷ್ಟನೇ ಸೆಕೆಂಡಿಗೆ ಯಾವ ಹಂತ ಕಳಚುತ್ತದೆ ಎಲ್ಲವೂ ಅದರಲ್ಲಿ ಕೋಷ್ಟಕವಾಗಿ ಇರುತ್ತದೆ. ಅದೇ ಕೋಷ್ಟಕಕ್ಕೆ ಇನ್ನೂ ಮೂರು ಸಾಲು ಸೇರಿಸಬಹುದು: ಇಳಿಯಲು ಮೀಸಲಿಟ್ಟ ಇಂಧನ ಎಷ್ಟು ಕಿಲೋ, ಕೆಟ್ಟು ನಿಂತರೆ ತಾನಾಗಿ ಬೀಳಲು ಎಷ್ಟು ವರ್ಷ, ಕೊನೆಯ ಹಂತ ಬೀಳುವುದು ನಿಯಂತ್ರಣದಲ್ಲೋ ಅಲ್ಲವೋ. ಚಂದ್ರಯಾನ-3ನ್ನು ಒಯ್ದ ಹಂತಕ್ಕೆ ಮೂರನೆಯ ಸಾಲಿನಲ್ಲಿ ಅಲ್ಲ ಎಂದೇ ಬರೆಯಬೇಕಾಗುತ್ತಿತ್ತು. ಹಾರಿದ 124 ದಿನಕ್ಕೆ, 2023ರ ನವೆಂಬರ್ 15ರಂದು, ಅದು ನಿಯಂತ್ರಣವಿಲ್ಲದೆ ವಾತಾವರಣಕ್ಕೆ ಬಿತ್ತು. ಬಿದ್ದದ್ದು ಉತ್ತರ ಪೆಸಿಫಿಕ್ ನೀರಿನ ಮೇಲೆ.